ರಾತ್ರಿ ಬರುವ ಮೆಸೇಜು ಯಾರ ಲೆಕ್ಕಕ್ಕೆ? ಕೆಲಸದ ಕಾನೂನು ಬರೆಯುವವರಿಗೂ ಆಫೀಸು ನಡೆಸುವವರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಕಾರ್ಮಿಕ ಕಾನೂನು ರೂಪಿಸುವ ಜನಪ್ರತಿನಿಧಿಗಳು ಮತ್ತು ಅಧಿಕಾರಿಗಳು,
ಆಫೀಸು, ಕಂಪನಿ, ಸಂಸ್ಥೆಗಳನ್ನು ನಡೆಸುವ ಹಿರಿಯರು

ವಿಷಯ: ಕೆಲಸದ ಹೊತ್ತು ಮುಗಿದ ಮೇಲೆ ಬರುವ ಮೆಸೇಜು, ಮೇಲ್, ಕರೆಗಳನ್ನು ಕೆಲಸವೆಂದೇ ಲೆಕ್ಕ ಹಿಡಿಯುವ ಬಗ್ಗೆ

ಮಾನ್ಯರೇ,

ನಾನು 14 ವರ್ಷದಿಂದ ಕಂಪ್ಯೂಟರ್ ಮುಂದೆ ಕೂತು ದುಡಿಯುತ್ತಿರುವವನು. ಕಳೆದ 6 ವರ್ಷದಿಂದ ಒಂದು ಟೀಮಿನ ಜವಾಬ್ದಾರಿಯೂ ಇದೆ. ಅಂದರೆ ಮೇಲಿನವರಿಂದ ಮೆಸೇಜು ಬರುವುದೂ ನನಗೇ, ಕೆಳಗಿನವರಿಗೆ ಕಳಿಸುವವನೂ ನಾನೇ. ಎರಡೂ ಕಡೆಯಿಂದ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವುದೋ ಒಂದು ಕಂಪನಿಯ ಮೇಲೆ ದೂರು ಹೇಳುವುದು ನನ್ನ ಉದ್ದೇಶ ಅಲ್ಲ. ಮೂರು ಕಡೆ ಕೆಲಸ ಮಾಡಿದ್ದೇನೆ. ಮೂರು ಕಡೆಯೂ ಇದೇ ಕಥೆ.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಗಂಟೆ 11:20. ದೀಪ ಆರಿಸಿ ಮಲಗಿದ್ದೆ. ಫೋನು ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಬೋರಲಾಗಿತ್ತು. ಸದ್ದು ಆಫ್ ಮಾಡಿದ್ದೆ. ಆದರೂ ಗುರ್ ಅಂತ ಒಂದು ಸಲ ನಡುಗಿತು. ಫೋನಿನ ಅಂಚಿನ ಸುತ್ತ ತೆಳ್ಳಗೆ ಬೆಳಕಿನ ಗೆರೆ ಮೂಡಿತು. ಎತ್ತಿ ನೋಡಿದೆ. ಮೇಲಿನವರದು. ‘ಅರ್ಜೆಂಟ್ ಏನಿಲ್ಲ, ನಾಳೆ ನೋಡಿದ್ರೂ ಸಾಕು. ಆ ರಿಪೋರ್ಟಿನ ಎರಡನೇ ಪುಟದ ಅಂಕಿ ಸರಿ ಇದೆ ಅಲ್ವಾ?’

ನಾಳೆ ನೋಡಿದರೂ ಸಾಕು ಅಂತಲೇ ಬರೆದಿದ್ದರು. ಆದರೆ ನಾನು ನೋಡಿಯಾಗಿತ್ತು. ನೋಡಿದ್ದು ಅವರಿಗೂ ಗೊತ್ತಾಗಿತ್ತು, ಗುರುತು ನೀಲಿಗೆ ತಿರುಗಿತ್ತು. ಎದ್ದು ಹೊರಗಿನ ಕೋಣೆಗೆ ಬಂದೆ. ಲ್ಯಾಪ್‌ಟಾಪ್ ತೆಗೆದು ಅಂಕಿ ನೋಡಿದೆ. ‘ಸರಿ ಇದೆ ಸರ್’ ಅಂತ ಬರೆದೆ. ಎಲ್ಲ ಸೇರಿ 9 ನಿಮಿಷ. ನಿದ್ದೆ ಬಂದದ್ದು ಮಾತ್ರ ಒಂದೂವರೆಗೆ.

ಆ 9 ನಿಮಿಷ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಒಂದೂವರೆವರೆಗೆ ಹೊರಳಾಡಿದ್ದಂತೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ನನ್ನ ಅಹವಾಲು ಇಷ್ಟೇ: ಅದು ಕೆಲಸ. ಅದನ್ನು ಕೆಲಸ ಅಂತ ಬರೆದುಕೊಳ್ಳಿ. ಬರೆದುಕೊಳ್ಳದೆ ಬಿಟ್ಟಿರುವುದರಿಂದಲೇ ಅದು ಪುಕ್ಕಟೆಯಾಗಿದೆ. ಪುಕ್ಕಟೆ ಸಿಕ್ಕಿದ್ದನ್ನು ಯಾರೂ ಕೈ ಹಿಡಿದು ಖರ್ಚು ಮಾಡುವುದಿಲ್ಲ.

ಇದು ನನ್ನೊಬ್ಬನ ಗೊಣಗಾಟ ಇರಬಹುದೇನೋ ಅಂತ ನನಗೂ ಅನುಮಾನ ಬಂದಿತ್ತು. ಅದಕ್ಕೆ ಒಂದು ತಿಂಗಳು ಲೆಕ್ಕ ಬರೆದಿಟ್ಟೆ. ಸಣ್ಣ ನೋಟ್‌ಬುಕ್ಕು, ಪೆನ್ನು. ಆಫೀಸು ಬಿಟ್ಟ ಮೇಲೆ ಮರುದಿನ ಆಫೀಸು ಸೇರುವವರೆಗೆ ಕೆಲಸದ ಸಲುವಾಗಿ ಎಷ್ಟು ಸಲ ಫೋನು ಎತ್ತಿದೆ, ಎಷ್ಟು ನಿಮಿಷ ಹೋಯಿತು, ಯಾತಕ್ಕೆ ಅಂತ ಅಲ್ಲೇ ಗೀಚುತ್ತಿದ್ದೆ. 4 ನಿಮಿಷ, 11 ನಿಮಿಷ, 2 ನಿಮಿಷ, ಒಮ್ಮೊಮ್ಮೆ ಮುಕ್ಕಾಲು ಗಂಟೆ. ಒಂದೊಂದನ್ನೇ ನೋಡಿದರೆ ಏನೂ ಇಲ್ಲ. ಇಷ್ಟಕ್ಕೆಲ್ಲಾ ಯಾರಾದರೂ ದೂರು ಹೇಳ್ತಾರಾ ಅನ್ನಿಸುತ್ತದೆ. ಆದರೆ ಹನಿ ಹನಿ ಕೂಡಿದರೆ ಹಳ್ಳ. ತಿಂಗಳ ಕೊನೆಗೆ ಕೂಡಿಸಿದಾಗ 17 ಗಂಟೆ ಆಗಿತ್ತು. ನನ್ನ ಆಫೀಸಿನ ಲೆಕ್ಕದಲ್ಲಿ ಹೆಚ್ಚೂಕಡಿಮೆ ಎರಡು ಪೂರ್ತಿ ದಿನ. ಆ ಇಡೀ ತಿಂಗಳಲ್ಲಿ ನಿಜಕ್ಕೂ ಬೆಳಗಿನವರೆಗೆ ಕಾಯಲಾಗದೆ ಇದ್ದದ್ದು ಮೂರೇ ಮೂರು. ಉಳಿದದ್ದೆಲ್ಲ ಕಳಿಸುವವರಿಗೆ ಆ ಹೊತ್ತಿಗೆ ನೆನಪಾಯಿತು, ಅದಕ್ಕೆ ಕಳಿಸಿದರು. ಅಷ್ಟೇ.

ಅದೇ ದಿನಗಳಲ್ಲಿ ತಲೆನೋವು ಅಂತ ಡಾಕ್ಟರ ಹತ್ತಿರ ಹೋಗಿದ್ದೆ. ಬಿಪಿ ನೋಡಿದರು. 150ಕ್ಕೆ 96. ಇನ್ನೊಂದು ಸಲ ನೋಡಿದರು, ಅಷ್ಟೇ ಇತ್ತು. ದಿನಕ್ಕೆ ಎಷ್ಟು ಗಂಟೆ ಕೆಲಸ ಅಂತ ಕೇಳಿದರು. ಒಂಬತ್ತು ಅಂದೆ. ತೋಳಿನ ಪಟ್ಟಿ ಬಿಚ್ಚುತ್ತಾ ಅವರು ಕೇಳಿದ ಮುಂದಿನ ಪ್ರಶ್ನೆ: ‘ರಾತ್ರಿ ನಿಮ್ಮ ಫೋನು ಎಲ್ಲಿರುತ್ತೆ?’ ಅಂಥ ಪ್ರಶ್ನೆ ಬರಬಹುದು ಅಂತ ನಾನು ಅಂದುಕೊಂಡಿರಲಿಲ್ಲ. ದಿಂಬಿನ ಪಕ್ಕ ಅಂದೆ. ‘ಹಾಗಾದ್ರೆ ಒಂಬತ್ತು ಗಂಟೆ ಅನ್ನಬೇಡಿ’ ಅಂದರು.

ರಾತ್ರಿ ಹೊತ್ತು ಕಣ್ಣಿಗೆ ಬೀಳುವ ಬೆಳಕು, ಅದರಲ್ಲೂ ಪರದೆಯ ನೀಲಿ ಬೆಳಕು, ನಿದ್ದೆಗೆ ದಾರಿ ಮಾಡುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಇದು ಈಗ ಎಲ್ಲರಿಗೂ ಗೊತ್ತು. ಅದಕ್ಕೆ ಫೋನಿನಲ್ಲೇ ‘ನೈಟ್ ಮೋಡ್’ ಕೊಟ್ಟಿದ್ದಾರೆ, ಪರದೆ ಹಳದಿಯಾಗುತ್ತದೆ. ಆದರೆ ನನ್ನ ಅನುಭವದಲ್ಲಿ ಬೆಳಕಿಗಿಂತ ಜಾಸ್ತಿ ಕೆಡಿಸುವುದು ಆ ಬೆಳಕಿನಲ್ಲಿ ಬರೆದಿರುವ ವಿಷಯ. ಪರದೆ ಹಳದಿ ಇದ್ದರೇನು, ‘ಆ ಫೈಲು ಕಳಿಸಿದ್ರಾ?’ ಅಂತ ಇದ್ದರೆ ಎದೆ ಹೊಡೆದುಕೊಳ್ಳುತ್ತದೆ. ಮೆಸೇಜು ಬರಲೇಬೇಕು ಅಂತಲೂ ಇಲ್ಲ. ಬರಬಹುದು ಅನ್ನುವುದೇ ಸಾಕು. ಕಾವಲಿಗೆ ನಿಂತವನು ಕಳ್ಳ ಬರದ ರಾತ್ರಿಯೂ ನಿದ್ದೆ ಮಾಡುವುದಿಲ್ಲ ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಮಾಡಿದ ಅಂದಾಜು 2021ರ ಮೇ ತಿಂಗಳಲ್ಲಿ ಹೊರಬಂತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡುವವರನ್ನು 35ರಿಂದ 40 ಗಂಟೆ ಮಾಡುವವರ ಜೊತೆ ಹೋಲಿಸಿ ನೋಡಿದ್ದರು. ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಜಾಸ್ತಿ. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಜಾಸ್ತಿ. 2016ರ ಒಂದೇ ವರ್ಷದಲ್ಲಿ ಹೀಗೆ ಉದ್ದ ಹೊತ್ತು ದುಡಿದದ್ದರಿಂದ ಈ ಎರಡು ಕಾಯಿಲೆಗೆ ಸತ್ತವರು ಸುಮಾರು 7,45,000 ಜನ ಅಂತ ಅವರ ಅಂದಾಜು. ಇದನ್ನು ಓದಿದಾಗ ನನಗೆ ಮೊದಲು ಬಂದ ಯೋಚನೆ: 55 ಗಂಟೆ ಅನ್ನುವುದನ್ನು ಎಲ್ಲಿಂದ ಎಲ್ಲಿಗೆ ಎಣಿಸಬೇಕು? ಹಾಜರಿ ಪ್ರಕಾರ ನಾನು ಆ ಗುಂಪಿನಲ್ಲಿ ಇಲ್ಲ. ನನ್ನ ನೋಟ್‌ಬುಕ್ಕಿನ ಪ್ರಕಾರ ಕೆಲವು ವಾರ ಆ ಗೆರೆಯ ಪಕ್ಕದಲ್ಲೇ ಇದ್ದೆ.

ಇಲ್ಲಿ ನನಗೆ ನಿಜಕ್ಕೂ ನೋವಾಗಿರುವ ಒಂದು ಮಾತು ಹೇಳಬೇಕು. ನಾವು ದಣಿದಿದ್ದೇವೆ ಅಂದಾಗಲೆಲ್ಲ ನಮಗೆ ಸಿಗುವುದು ಸಲಹೆ. ದೀರ್ಘವಾಗಿ ಉಸಿರಾಡಿ. ದಿನಾ ನಡೆಯಿರಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ, ಕಣ್ಣಿಗೆ ಒಳ್ಳೆಯದು. ಮಲಗುವ ಕೋಣೆಗೆ ಫೋನು ತರಬೇಡಿ. ಇವುಗಳನ್ನು ನಾನು ಹಗುರ ಮಾಡುತ್ತಿಲ್ಲ. ಎಲ್ಲವೂ ಒಳ್ಳೆಯ ಮಾತೇ, ಕೆಲವನ್ನು ಪಾಲಿಸುತ್ತೇನೆ ಕೂಡ. ಆದರೆ ಒಂದು ಕಡೆ ಕೆಲಸ ಮಾಡುವಾಗ ‘ಒತ್ತಡ ನಿಭಾಯಿಸುವುದು ಹೇಗೆ’ ಅನ್ನುವ ಕಾರ್ಯಕ್ರಮಕ್ಕೆ ಎಲ್ಲರೂ ಕಡ್ಡಾಯವಾಗಿ ಹಾಜರಾಗಬೇಕು ಅಂತ ಮೇಲ್ ಬಂತು. ಹೊತ್ತು ಸಂಜೆ ಏಳೂವರೆ. ನಾನು ದಿನಾ ನಡೆಯಲು ಹೋಗುತ್ತಿದ್ದದ್ದು ಅದೇ ಹೊತ್ತಿಗೆ. ಆ ಸಂಜೆ ನಡಿಗೆ ಬಿಟ್ಟು, ಕುರ್ಚಿಯಲ್ಲಿ ಕೂತು, ನಡಿಗೆಯಿಂದ ಏನೇನು ಲಾಭ ಅಂತ ಕೇಳಿದೆ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮೈ ಆಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆ ನಿಮಿಷಗಳು ಎಲ್ಲಿಂದ ಬರಬೇಕು? ಕೆಲಸದ ಹೊತ್ತಿನಿಂದ ಬರುವುದಿಲ್ಲ. ಕೆಲಸ ಮುಗಿದ ಮೇಲಿನ ಹೊತ್ತಿನಿಂದಲೇ ಬರಬೇಕು. ಆ ಹೊತ್ತಿಗೇ ಕನ್ನ ಹಾಕಿ, ಆಮೇಲೆ ‘ಆರೋಗ್ಯ ನೋಡಿಕೊಳ್ಳಿ’ ಅಂದರೆ ಏನು ಮಾಡೋಣ ಹೇಳಿ. ದಣಿವು ಹುಟ್ಟುವುದು ಒಂದು ಕಡೆ, ಮದ್ದು ಹಚ್ಚುವುದು ಇನ್ನೊಂದು ಕಡೆ. ಅದೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’, ಅಂದರೆ ದುಡಿದು ದುಡಿದು ಪೂರ್ತಿ ಬಸವಳಿದು ಹೋಗುವುದರ ಬಗ್ಗೆ ಬರೆಯುವಾಗ ಅದನ್ನು ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಕರೆಯಿತು. ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಜಾಗದ ಒತ್ತಡದಿಂದ ಬರುವುದು ಅಂದಿತು. ಒಬ್ಬ ಮನುಷ್ಯನ ಮನಸ್ಸು ಗಟ್ಟಿ ಇಲ್ಲದೆ ಬರುವುದು ಅಂತ ಅಲ್ಲಿ ಬರೆದಿಲ್ಲ.

ಇಷ್ಟು ಹೇಳಿ ನನ್ನ ತಪ್ಪನ್ನು ಮುಚ್ಚಿಟ್ಟರೆ ಈ ಪತ್ರಕ್ಕೆ ಬೆಲೆ ಇರುವುದಿಲ್ಲ. ನಾನೂ ಕಳಿಸಿದ್ದೇನೆ. ಟೀಮಿನ ಜವಾಬ್ದಾರಿ ಬಂದ ಮೊದಲ ಎರಡು ವರ್ಷ ರಾತ್ರಿ ಕೂತು ಮರುದಿನದ ಕೆಲಸ ಹಂಚುವುದು ನನ್ನ ಅಭ್ಯಾಸವಾಗಿತ್ತು. ತಲೆಯಲ್ಲಿ ಇದ್ದದ್ದು ಇಳಿದರೆ ನನಗೆ ನೆಮ್ಮದಿ. ನನ್ನ ತಲೆಯಿಂದ ಇಳಿದದ್ದು ಇನ್ನೊಬ್ಬರ ತಲೆಗೆ ಹತ್ತುತ್ತದೆ ಅಂತ ಯೋಚಿಸಲೇ ಇಲ್ಲ. ಟೀಮಿನಲ್ಲಿ ಒಬ್ಬ ಹುಡುಗಿ ಇದ್ದಳು, ಓದು ಮುಗಿಸಿ ಹೊಸದಾಗಿ ಸೇರಿದವಳು. ರಾತ್ರಿ 12:10ಕ್ಕೆ ಕಳಿಸಿದರೂ ನಿಮಿಷದೊಳಗೆ ‘ಓಕೆ ಸರ್’ ಅಂತ ಬರುತ್ತಿತ್ತು. ಎಂಥ ಹುರುಪಿನ ಹುಡುಗಿ ಅಂತ ಖುಷಿಪಟ್ಟಿದ್ದೆ. ನಾಲ್ಕು ಜನರ ಮುಂದೆ ಹೊಗಳಿಯೂ ಇದ್ದೆ.

ಒಂದೂವರೆ ವರ್ಷಕ್ಕೆ ಅವಳು ಕೆಲಸ ಬಿಟ್ಟಳು. ಹೋಗುವ ದಿನ ಮಾತಾಡುವಾಗ ತುಂಬಾ ಸಂಕೋಚದಿಂದ ಒಂದು ಮಾತು ಹೇಳಿದಳು. ‘ಸರ್, ನಿಮ್ಮ ಮೆಸೇಜಿಗೆ ಬೇರೆ ಟೋನ್ ಇಟ್ಕೊಂಡಿದ್ದೆ. ಈಗ ಬಸ್ಸಲ್ಲಿ ಬೇರೆ ಯಾರದ್ದೋ ಫೋನಲ್ಲಿ ಆ ಟೋನ್ ಕೇಳಿದ್ರೂ ಕೈ ಬೆವರುತ್ತೆ.’ ನಾನು ಯಾವತ್ತೂ ತಕ್ಷಣ ಉತ್ತರ ಕೊಡು ಅಂದವನಲ್ಲ. ಅದನ್ನೇ ಅವಳಿಗೂ ಹೇಳಿದೆ. ಅವಳು ಸುಮ್ಮನೆ ತಲೆಯಾಡಿಸಿದಳು. ಆಮೇಲೆ ನನಗೇ ಹೊಳೆಯಿತು. ವರ್ಷದ ಕೊನೆಗೆ ಅವಳಿಗೆ ಅಂಕ ಹಾಕುವವನು ನಾನು. ಸಂಬಳ ಏರುವುದೋ ಬಿಡುವುದೋ ನನ್ನ ಕೈಲಿ. ಅಂಥವನು ‘ನಾಳೆ ನೋಡಿದರೂ ಸಾಕು’ ಅಂದರೆ ಆ ಮಾತಿಗೆ ತೂಕ ಇಲ್ಲ. ಕೈ ಮೇಲಿರುವವನು ಕೊಡುವ ವಿನಾಯಿತಿಯನ್ನು ಕೆಳಗಿರುವವರು ನಂಬಲಾರರು. ನಂಬಬೇಕು ಅಂತ ಕೇಳುವುದೂ ನ್ಯಾಯ ಅಲ್ಲ.

ಈ ವಿಷಯವನ್ನು ಒಳ್ಳೆಯತನಕ್ಕೆ ಬಿಡಬೇಡಿ ಅಂತ ನಾನು ಕೇಳುವುದು ಇದಕ್ಕೇ. ನಾನು ಕೆಟ್ಟವನಾಗಿರಲಿಲ್ಲ. ನನಗೆ 11:20ಕ್ಕೆ ಮೆಸೇಜು ಕಳಿಸಿದವರೂ ಕೆಟ್ಟವರಲ್ಲ. ಕೆಟ್ಟವರು ಯಾರೂ ಇಲ್ಲದೆಯೇ ಇಷ್ಟೆಲ್ಲ ಆಗಿದೆ.

ಹಿಂದೆ ಇದಕ್ಕೊಂದು ಗೇಟು ಇತ್ತು. ದಿನಕ್ಕೆ 8 ಗಂಟೆ ದುಡಿಮೆ, 8 ಗಂಟೆ ಬಿಡುವು, 8 ಗಂಟೆ ವಿಶ್ರಾಂತಿ ಅನ್ನುವ ಮಾತನ್ನು ಎರಡು ಶತಮಾನದ ಹಿಂದೆಯೇ ಬ್ರಿಟನ್ನಿನ ಗಿರಣಿ ಮಾಲೀಕ ರಾಬರ್ಟ್ ಓವನ್ ಎತ್ತಿದ್ದ. 1886ರ ಮೇ ತಿಂಗಳಲ್ಲಿ ಷಿಕಾಗೋದ ಕಾರ್ಮಿಕರು ಅದೇ 8 ಗಂಟೆಗಾಗಿ ಬೀದಿಗಿಳಿದರು, ಜೀವಗಳು ಹೋದವು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿದಾಗ ಅದು ಮಾಡಿದ ಮೊದಲ ಒಡಂಬಡಿಕೆಯೇ ಕೆಲಸದ ಗಂಟೆಯ ಬಗ್ಗೆ: ಕೈಗಾರಿಕೆಯಲ್ಲಿ ದಿನಕ್ಕೆ 8, ವಾರಕ್ಕೆ 48. ಆ ಕಾನೂನುಗಳು ನಡೆದದ್ದಕ್ಕೆ ಒಂದು ಸರಳ ಕಾರಣವೂ ಇತ್ತು. ಮಗ್ಗವನ್ನಾಗಲಿ ಲೇಥನ್ನಾಗಲಿ ಯಾರೂ ಮನೆಗೆ ಹೊತ್ತುಕೊಂಡು ಹೋಗಲು ಆಗುತ್ತಿರಲಿಲ್ಲ. ಸೈರನ್ ಕೂಗಿತು ಅಂದರೆ ಯಂತ್ರ ಗೇಟಿನ ಒಳಗೆ, ಮನುಷ್ಯ ಗೇಟಿನ ಹೊರಗೆ. ಈಗ ಯಂತ್ರವೇ ಜೇಬಿನಲ್ಲಿ ಕೂತು ಮನೆಗೆ ಬರುತ್ತದೆ. ಕಾನೂನು ಮಾತ್ರ ಇನ್ನೂ ಗೇಟಿನ ಹತ್ತಿರವೇ ನಿಂತಿದೆ.

ಕೆಲವು ದೇಶಗಳು ಕಾನೂನನ್ನು ಅಲ್ಲಿಂದ ಮುಂದಕ್ಕೆ ತಂದಿವೆ. ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ 50ಕ್ಕಿಂತ ಕಡಿಮೆ ಇಲ್ಲದಷ್ಟು ನೌಕರರಿರುವ ಕಂಪನಿಗಳು ಈ ವಿಷಯವನ್ನು ನೌಕರರ ಜೊತೆ ಕೂತು ಮಾತಾಡಲೇಬೇಕು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಬಂದ ಮೆಸೇಜನ್ನು ನೋಡದೆ ಇರುವ, ಓದದೆ ಇರುವ, ಉತ್ತರ ಕೊಡದೆ ಇರುವ ಹಕ್ಕು ನೌಕರರಿಗೆ ಇದೆ. ಹಾಗೆ ನಿರಾಕರಿಸುವುದು ಸಮಂಜಸ ಅಲ್ಲ ಅನ್ನುವ ಸಂದರ್ಭ ಮಾತ್ರ ಹೊರತು. ಸಣ್ಣ ಉದ್ಯಮಗಳಿಗೆ ಒಂದು ವರ್ಷ ತಡವಾಗಿ ಅದು ಜಾರಿಗೆ ಬಂತು. ಪೋರ್ಚುಗಲ್ 2021ರಲ್ಲಿ ಬೇರೆ ದಾರಿ ಹಿಡಿಯಿತು. ನೌಕರನ ವಿಶ್ರಾಂತಿಯ ಹೊತ್ತಿನಲ್ಲಿ ಅವನನ್ನು ಸಂಪರ್ಕಿಸದೆ ಇರುವುದು ಮಾಲೀಕನ ಕರ್ತವ್ಯ, ಕೈಮೀರಿದ ಸಂದರ್ಭ ಬಿಟ್ಟು, ಅಂದಿತು.

ಮೂರರಲ್ಲಿ ನನಗೆ ಸರಿ ಅನ್ನಿಸುವುದು ಪೋರ್ಚುಗಲ್ ದಾರಿ. ಉತ್ತರ ಕೊಡದಿರುವ ಹಕ್ಕು ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಹಕ್ಕನ್ನು ಬಳಸುವುದು ಯಾರು? ನನ್ನ ಟೀಮಿನ ಆ ಹುಡುಗಿ ಬಳಸುತ್ತಿದ್ದಳೇ? ಖಂಡಿತ ಇಲ್ಲ. ಹಕ್ಕು ಕೈಲಿ ಇಟ್ಟುಕೊಂಡು ಹೆದರಿಕೊಂಡೇ ‘ಓಕೆ ಸರ್’ ಬರೆಯುತ್ತಿದ್ದಳು. ತಡೆಯುವ ಭಾರ ಕಳಿಸುವವನ ಮೇಲೆ ಇದ್ದರೆ ಮಾತ್ರ ಅವಳ ಫೋನು ಸುಮ್ಮನಿರುತ್ತದೆ.

ತಂತ್ರಜ್ಞಾನ ಇದಕ್ಕೆ ಅಡ್ಡ ಬರುವುದೇ ಇಲ್ಲ. ಉಪಾಯ ನಮ್ಮ ಕೈಲೇ ಇದೆ. ಬರೆದ ಮೇಲ್ ಬೆಳಗ್ಗೆ ಒಂಬತ್ತಕ್ಕೆ ಹೋಗುವ ಹಾಗೆ ಮಾಡುವ ಸೌಲಭ್ಯ ಜಿಮೇಲ್‌ನಲ್ಲಿ 2019ರಿಂದ ಇದೆ, ಔಟ್‌ಲುಕ್‌ನಲ್ಲಿ ಅದಕ್ಕಿಂತ ಮುಂಚಿನಿಂದ ಇದೆ. ಫೋಕ್ಸ್‌ವ್ಯಾಗನ್ ಕಂಪನಿ 2011ರಲ್ಲೇ ಜರ್ಮನಿಯಲ್ಲಿ ತನ್ನ ಒಂದಷ್ಟು ನೌಕರರ ಫೋನಿಗೆ ಶಿಫ್ಟ್ ಮುಗಿದ ಅರ್ಧ ಗಂಟೆಗೆ ಮೇಲ್ ಹೋಗುವುದನ್ನು ನಿಲ್ಲಿಸಿ, ಮರುದಿನ ಶಿಫ್ಟ್ ಶುರುವಾಗುವ ಅರ್ಧ ಗಂಟೆ ಮುಂಚೆ ಮತ್ತೆ ಬಿಡುವ ಹಾಗೆ ಸರ್ವರನ್ನೇ ಹೊಂದಿಸಿತು. ಯಾರಿಗೂ ಶಿಸ್ತಿನ ಪಾಠ ಹೇಳುವ ಅಗತ್ಯ ಬರಲಿಲ್ಲ. ಇವತ್ತಿನ ಆಪ್‌ಗಳಲ್ಲಿ ‘ಈಗಲೇ ಕಳಿಸು’ ಅನ್ನುವುದು ಬೆರಳ ತುದಿಯಲ್ಲಿದೆ, ‘ನಾಳೆ ಕಳಿಸು’ ಹುಡುಕಿದರೆ ಮಾತ್ರ ಸಿಗುತ್ತದೆ. ಅದನ್ನು ತಿರುಗಿಸಿ ಇಡಿ ಅನ್ನುವುದು ನನ್ನ ಬೇಡಿಕೆ. ರಾತ್ರಿ ಹೊತ್ತು ‘ಈಗಲೇ ಕಳಿಸು’ ಹುಡುಕುವ ಹಾಗಾಗಲಿ. ಹುಡುಕುವಷ್ಟರಲ್ಲಿ ನಿಜಕ್ಕೂ ಬೇಕಾ ಅಂತ ಯೋಚನೆ ಬರುತ್ತದೆ.

ಇದೇ ಆಪ್‌ಗಳಲ್ಲಿ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಇರುತ್ತದೆ. ಸ್ವಲ್ಪ ಹೊತ್ತು ಮೌಸ್ ಅಲ್ಲಾಡದಿದ್ದರೆ ಹಳದಿಯಾಗುತ್ತದೆ. ಇವರು ಸೀಟಿನಲ್ಲಿ ಇಲ್ಲ ಅಂತ ಅರ್ಥ. ಒಬ್ಬ ಸಹೋದ್ಯೋಗಿಯ ಮೇಜಿನ ಮೇಲೆ ನಾನು ಕಣ್ಣಾರೆ ಕಂಡದ್ದು ಇದು. ಕೈಗಡಿಯಾರ ಬಿಚ್ಚಿ ಮಲಗಿಸಿ ಅದರ ಗಾಜಿನ ಮೇಲೆ ಮೌಸ್ ಇಟ್ಟಿದ್ದ. ಸೆಕೆಂಡಿನ ಮುಳ್ಳು ಕೆಳಗೆ ಹಾದಾಗಲೆಲ್ಲ ಪರದೆಯ ಮೇಲೆ ಬಾಣ ಒಂದಿಷ್ಟು ಜರುಗುತ್ತಿತ್ತು, ಚುಕ್ಕೆ ಹಸಿರಾಗಿಯೇ ಇರುತ್ತಿತ್ತು. ಅವನು ಸೋಮಾರಿ ಅಲ್ಲ. ಆ ಹೊತ್ತಿನಲ್ಲಿ ಪಕ್ಕದಲ್ಲೇ ಕಾಗದ ಪೆನ್ಸಿಲ್ ಹಿಡಿದು ಒಂದು ತೊಡಕಿನ ಲೆಕ್ಕ ಬಿಡಿಸುತ್ತಿದ್ದ. ಯೋಚನೆ ಮಾಡುವಾಗ ಮೌಸ್ ಅಲ್ಲಾಡುವುದಿಲ್ಲ. ಕೆಲಸವನ್ನು ಅಳೆಯುವ ಬದಲು ಕೂತದ್ದನ್ನು ಅಳೆದರೆ ಜನ ಕೂರುತ್ತಾರೆ. ಬೆನ್ನು ಹಿಡಿದುಕೊಂಡರೂ ಕೂರುತ್ತಾರೆ, ನೀರು ಕುಡಿಯಲೂ ಏಳುವುದಿಲ್ಲ. ಆ ಚುಕ್ಕೆಯನ್ನು ದಯವಿಟ್ಟು ತೆಗೆಸಿ.

ಹಗಲಿನ ಅಡಚಣೆಯೂ ರಾತ್ರಿಯ ಮೆಸೇಜಿನ ತಾಯಿ. ಕೆಲಸದ ನಡುವೆ ಬರುವ ತಡೆಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅವರ ಪ್ರಕಾರ, ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಮರಳಿ ಬರಲು ಸರಾಸರಿ 23 ನಿಮಿಷ ಹಿಡಿಯುತ್ತದೆ. ದಿನವಿಡೀ ಮೀಟಿಂಗು, ಕರೆ, ಟಣ್ ಟಣ್ ನೋಟಿಫಿಕೇಶನ್. ನಿಜವಾದ ಕೆಲಸಕ್ಕೆ ಕೈ ಹಾಕುವುದೇ ಸಂಜೆ ಆರರ ಮೇಲೆ, ಎಲ್ಲರೂ ಸುಮ್ಮನಾದಾಗ. ಆಗ ಸಂದೇಹ ಬರುತ್ತದೆ, ಇನ್ನೊಬ್ಬರಿಗೆ ಕೇಳುತ್ತೇವೆ. ಹೀಗೆ ನನ್ನ ರಾತ್ರಿ ಅವರ ರಾತ್ರಿಯನ್ನು ತಿನ್ನುತ್ತದೆ. ಹೊಸದಾಗಿ ಬಂದಿರುವ ಎಐ ಸಾಧನಗಳು ಹೊತ್ತು ಉಳಿಸುತ್ತವೆ ಅನ್ನುವುದು ನಿಜ. ನಾನೂ ಬಳಸುತ್ತೇನೆ. ಆದರೆ ಉಳಿದ ಹೊತ್ತು ನಮ್ಮ ಕೈಗೆ ಬಂದದ್ದನ್ನು ನಾನು ಇನ್ನೂ ನೋಡಿಲ್ಲ. ಅರ್ಧ ಗಂಟೆ ಉಳಿದರೆ ಅಲ್ಲಿಗೆ ಇನ್ನೊಂದು ಕೆಲಸ ಬಂದು ಕೂರುತ್ತದೆ.

ನಿಮ್ಮ ಕಡೆಯ ತಕರಾರುಗಳು ನನಗೆ ಗೊತ್ತು. ಆಸ್ಪತ್ರೆ, ವಿದ್ಯುತ್ತು, ನೀರು, ಸರ್ವರ್ ಬಿದ್ದು ಹೋಗುವುದು, ಇವಕ್ಕೆಲ್ಲ ಗಂಟೆ ನೋಡಲು ಆಗುವುದಿಲ್ಲ ಅನ್ನುತ್ತೀರಿ. ಒಪ್ಪುತ್ತೇನೆ. ಅದಕ್ಕೆ ಹಳೆಯ, ಒಳ್ಳೆಯ ವ್ಯವಸ್ಥೆ ಇದೆ: ಆನ್‌ಕಾಲ್ ಪಾಳಿ. ಈ ವಾರ ಇವರು, ಮುಂದಿನ ವಾರ ಅವರು. ಪಾಳಿಗೆ ಹಣ ಕೊಡಿ, ಮರುದಿನ ತಡವಾಗಿ ಬರಲು ಬಿಡಿ. ಒಬ್ಬರು ಎಚ್ಚರ ಇದ್ದರೆ ಸಾಕಾಗುವ ಕಡೆ ಹತ್ತು ಜನರನ್ನು ಅರೆನಿದ್ದೆಯಲ್ಲಿ ಇಡುವುದು ಯಾವ ಜಾಣತನ?

ಇನ್ನೊಂದು ತಕರಾರು ಇದಕ್ಕಿಂತ ತೂಕದ್ದು. ಮಕ್ಕಳನ್ನು ಮಲಗಿಸಿ ರಾತ್ರಿ ಕೆಲಸ ಮಾಡುವ ತಾಯಂದಿರು, ತಂದೆಯರು ಇದ್ದಾರೆ. ಮಧ್ಯಾಹ್ನ ಬಿಡುವು ತಗೊಂಡು ರಾತ್ರಿ ಕೂರುವುದು ಅವರಿಗೆ ಅನುಕೂಲ. ಆ ಅನುಕೂಲ ಕಿತ್ತುಕೊಳ್ಳಬಾರದು. ನನ್ನ ಟೀಮಿನಲ್ಲೇ ಅಂಥವರು ಇಬ್ಬರಿದ್ದಾರೆ. ಅವರು ರಾತ್ರಿ ಬರೆಯಲಿ, ಸಂತೋಷ. ಬರೆದದ್ದು ಇನ್ನೊಬ್ಬರ ಫೋನಿಗೆ ಬೆಳಗ್ಗೆ ತಲುಪಲಿ. ಬರೆಯುವ ಹೊತ್ತು ಬೇರೆ, ತಲುಪುವ ಹೊತ್ತು ಬೇರೆ. ಕಾಗದದ ಕಾಲದಲ್ಲಿ ಇದು ತಾನಾಗೇ ಇತ್ತು.

ಉತ್ಪಾದನೆ ಬಿದ್ದು ಹೋಗುತ್ತದೆ ಅನ್ನುವವರಿಗೆ ಐಸ್‌ಲ್ಯಾಂಡಿನ ಉದಾಹರಣೆ ಕೊಡುತ್ತೇನೆ. ಅಲ್ಲಿ 2015ರಿಂದ 2019ರವರೆಗೆ ಸುಮಾರು 2,500 ನೌಕರರ ವಾರದ ಕೆಲಸವನ್ನು 40 ಗಂಟೆಯಿಂದ 35–36ಕ್ಕೆ ಇಳಿಸಿ ನೋಡಿದರು, ಸಂಬಳ ಕಡಿಮೆ ಮಾಡದೆ. ಬಹುಪಾಲು ಕಡೆ ಕೆಲಸ ಮೊದಲಿನಷ್ಟೇ ಆಯಿತು, ಕೆಲವು ಕಡೆ ಜಾಸ್ತಿಯೇ ಆಯಿತು. ನಾನು ಗಂಟೆ ಇಳಿಸಿ ಅಂತಲೂ ಇಲ್ಲಿ ಕೇಳುತ್ತಿಲ್ಲ. ಇರುವ ಗಂಟೆಗೆ ಬೇಲಿ ಹಾಕಿ ಅಂತ ಅಷ್ಟೇ ಕೇಳುತ್ತಿರುವುದು.

ಕಾನೂನು ಬರೆಯುವ ಮಾನ್ಯರಲ್ಲಿ ನನ್ನ ವಿನಂತಿ ಹೀಗಿದೆ. ಕೆಲಸದ ಹೊತ್ತು ಅನ್ನುವುದರ ಅರ್ಥವನ್ನು ಜಾಗದಿಂದ ಬಿಡಿಸಿ. ಮಾಲೀಕರ ಸಲುವಾಗಿ ಓದಿದ, ಬರೆದ, ಕರೆ ಎತ್ತಿದ ಹೊತ್ತು ಎಲ್ಲಿದ್ದರೂ ಕೆಲಸದ ಹೊತ್ತೇ ಅಂತ ಬರೆಯಿರಿ. ವಿಶ್ರಾಂತಿಯ ಹೊತ್ತಿನಲ್ಲಿ ಸಂಪರ್ಕಿಸದಿರುವ ಹೊಣೆಯನ್ನು ಮಾಲೀಕರ ಮೇಲೆ ಇಡಿ. ತುರ್ತು ಅಂದರೆ ಯಾವುದು ಅಂತ ಮುಂಚೆಯೇ ಬರೆದು ಅಂಟಿಸಲು ಹೇಳಿ, ಇಲ್ಲದಿದ್ದರೆ ಎಲ್ಲವೂ ತುರ್ತಾಗುತ್ತದೆ. ಉತ್ತರ ಕೊಡಲಿಲ್ಲ ಅಂತ ಅಂಕ ಕಡಿಮೆ ಮಾಡಿದರೆ, ಬಡ್ತಿ ತಪ್ಪಿಸಿದರೆ, ಅದು ಆ ಕಾರಣಕ್ಕಲ್ಲ ಅಂತ ತೋರಿಸುವ ಭಾರ ಕಂಪನಿಯದ್ದಾಗಲಿ. ದಾಖಲೆ ಅವರ ಹತ್ತಿರವೇ ಇದೆ. ಯಾವ ಮೆಸೇಜು ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಉತ್ತರ ಬಂತು, ಎಲ್ಲ ಸರ್ವರಿನಲ್ಲಿ ಕೂತಿದೆ. ತಪಾಸಣೆಗೆ ಬಂದವರು ಹಾಜರಿ ಪುಸ್ತಕದ ಜೊತೆ ಅದನ್ನೂ ಕೇಳಲಿ.

ಆಫೀಸು ನಡೆಸುವ ಹಿರಿಯರೇ, ನೀವು ಕಾನೂನಿಗೆ ಕಾಯಬೇಕಿಲ್ಲ. ಈ ಕೆಲಸ ಒಂದು ಮಧ್ಯಾಹ್ನದಲ್ಲಿ ಆಗುತ್ತದೆ. ನಾನು ನನ್ನ ಟೀಮಿನ ಮಟ್ಟಿಗೆ ಏಳು ತಿಂಗಳಿಂದ ಮಾಡಿದ್ದೇನೆ. ಸಂಜೆ ಏಳರ ಮೇಲೆ ಬರೆದದ್ದು ಬೆಳಗ್ಗೆ ಒಂಬತ್ತಕ್ಕೆ ಹೋಗುವ ಹಾಗೆ ಇಟ್ಟೆವು. ಆನ್‌ಕಾಲ್ ಪಾಳಿ ಹಾಕಿ ಗೋಡೆಗೆ ಅಂಟಿಸಿದೆವು. ತುರ್ತು ಇದ್ದರೆ ಮೆಸೇಜು ಬೇಡ, ಪಾಳಿಯವರಿಗೆ ಕರೆಯೇ ಮಾಡಬೇಕು ಅಂತ ನಿಯಮ. ಕರೆ ಮಾಡಲು ಸಂಕೋಚ ಆದರೆ ಅದು ತುರ್ತು ಅಲ್ಲ ಅಂತ ಲೆಕ್ಕ. ಏಳು ತಿಂಗಳಲ್ಲಿ ರಾತ್ರಿ ಬಂದ ಕರೆ ನಾಲ್ಕು. ಯಾವ ಕೆಲಸವೂ ನಿಂತಿಲ್ಲ. ಮೊದಲ ಎರಡು ವಾರ ಮಾತ್ರ ನನಗೇ ಕಷ್ಟವಾಯಿತು, ಬೆರಳು ಪದೇ ಪದೇ ಫೋನಿನ ಕಡೆ ಹೋಗುತ್ತಿತ್ತು.

ಆದರೆ ಇದು ನನ್ನ ಇಷ್ಟದ ಮೇಲೆ ನಿಂತಿರುವ ವ್ಯವಸ್ಥೆ. ನಾಳೆ ನಾನು ಬೇರೆ ಕಡೆ ಹೋದರೆ, ಇಲ್ಲಿಗೆ ಇನ್ನೊಬ್ಬರು ಬಂದರೆ, ಗೋಡೆಯ ಕಾಗದ ಕಿತ್ತು ಹಾಕಲು ಅರ್ಧ ನಿಮಿಷ ಸಾಕು. ನನ್ನ ಮೇಲಿನವರು ಇದನ್ನು ಇನ್ನೂ ಒಪ್ಪಿಲ್ಲ, ಸುಮ್ಮನೆ ಬಿಟ್ಟಿದ್ದಾರೆ. ಅದಕ್ಕೇ ಈ ಪತ್ರವನ್ನು ಅವರೊಬ್ಬರಿಗೆ ಬರೆಯದೆ ನಿಮ್ಮೆಲ್ಲರಿಗೂ ಬರೆದಿದ್ದೇನೆ.

ನನ್ನ ಬಿಪಿ ಈಗ 134ಕ್ಕೆ 86. ಮಾತ್ರೆಯೂ ಇದೆ, ಆದ್ದರಿಂದ ಇದು ಪಾಳಿಯಿಂದ ಮಾತ್ರ ಆಯಿತು ಅಂತ ಹೇಳಲಾರೆ. ಫೋನು ಹೊರಗಿನ ಕೋಣೆಯಲ್ಲಿ ಮಲಗುತ್ತದೆ. ಲೆಕ್ಕ ಬರೆದ ಆ ನೋಟ್‌ಬುಕ್ಕು ಇನ್ನೂ ನನ್ನ ಹತ್ತಿರ ಇದೆ, ದಿನಾಂಕ, ಹೊತ್ತು, ನಿಮಿಷ ಎಲ್ಲ ಇದೆ. ಈ ವಿಷಯಕ್ಕೆ ನೀವು ಸಮಿತಿ ಮಾಡಿದರೆ, ನೌಕರರ ಮಾತು ಕೇಳುವ ದಿನ ಗೊತ್ತು ಮಾಡಿದರೆ, ರಜೆ ಹಾಕಿಯಾದರೂ ಬಂದು ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನೌಕರ